ಬಿಸಿ ಎಂಜಿನ್ನು, ಮಗಳ ಕಾಲ್ಗುಣ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಬರೆದುಬಿಡಬೇಕು, ಇಲ್ಲದಿದ್ದರೆ ಮುಂದಿನ ಮಾತು ಕೈಗೆ ಹತ್ತುವುದಿಲ್ಲ. ರೋಣದ ದವಾಖಾನೆಯಲ್ಲಿ ನರ್ಸಬಾಯಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಯಲ್ಲಿ ಇಟ್ಟಾಗ ನನಗೆ ಮೊದಲು ನೆನಪಾದದ್ದು ನನ್ನ ಕೈ ಪೆಟ್ರೋಲ್ ನಾರುತ್ತಿರಬಹುದು ಅನ್ನುವುದು. ಕೂಸು ಮೂಗು ಸಿಂಡರಿಸಲಿಲ್ಲ. ನನ್ನ ಬೆರಳು ಹಿಡಿದು ಬಿಡಲಿಲ್ಲ. ಆ ಮೂಗು ನೋಡಿದರೆ ಸತ್ತ ನಮ್ಮ ಅವ್ವನೇ ತಿರುಗಿ ಬಂದಂತೆ. ಹೊರಗೆ ಬಂದು ಚಹಾದಂಗಡಿಯವನಿಗೆ ಹೇಳಿದೆ, ಹೂವಿನಾಕಿಗೆ ಹೇಳಿದೆ, ನರಗುಂದದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ ಗುರುತಿಲ್ಲದ ಮನುಷ್ಯನಿಗೂ ಹೇಳಿದೆ. ಅವನು ಪಾಪ, "ಚಲೋ ಆತ್ರಿ ಯಜಮಾನ್ರ, ಬಸ್ಸು?" ಅಂದ. ಬಸ್ಸು ತೋರಿಸಲು ನನಗೆ ಮರೆತೇ ಹೋಗಿತ್ತು.

ಇಷ್ಟು ಖುಷಿ ಇದ್ದವನು ಕಹಿ ಯಾಕೆ ಬರೆಯುತ್ತಾನೆ ಅಂದರೆ, ಆ ಕೂಸನ್ನು ಅದರ ಅಪ್ಪನ ಮನೆಗೆ ಮುಟ್ಟಿಸಿದ ದಿನ ಹಾಗಿತ್ತು. ಅದನ್ನು ಹೇಳಲು ನನ್ನ ಗಾಡಿಯಿಂದ ಸುರು ಮಾಡಬೇಕು.

ನನ್ನದು ಹಳೇ ಪೆಟ್ರೋಲ್ ಕಾರು. ಈಗಿನ ಗಾಡಿಗಳ ಹಾಗೆ ಕಂಪ್ಯೂಟರ್ ಇಲ್ಲ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಕಾರ್ಬೋರೇಟರ್ ಇದ್ದ ಕಾಲದ್ದು. ಬೇರೊಬ್ಬರು ಓಡಿಸಿ ಬಿಟ್ಟದ್ದನ್ನು ತೆಗೆದುಕೊಂಡೆ. ನಾಲ್ಕನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟವನಿಗೆ ಅದೇ ಹೊಟ್ಟೆ, ಅದೇ ಮರ್ಯಾದೆ. ರೋಣದಲ್ಲಿ ನಿಂತು ಬಾಡಿಗೆ ಹೊಡೆದೆ. ಬೆಳಿಗ್ಗೆ ತಣ್ಣಗಿದ್ದಾಗ ಮುಟ್ಟಿದರೆ ಸಾಕು, ಚಾಲೂ. ದಿನವಿಡೀ ಓಡಿಸಿದರೂ ತಕರಾರಿಲ್ಲ. ಆದರೆ ಬಿಸಿಯಾದ ಮೇಲೆ ಬಂದ್ ಮಾಡಿ, ಒಂದು ಚಹಾ ಕುಡಿದು ಬಂದು ಕೀಲಿ ತಿರುವಿದರೆ ಮುಗಿಯಿತು. ಗರ್ ಗರ್ ಅನ್ನುತ್ತದೆ, ಎಂಜಿನ್ನು ಹಿಡಿಯುವುದಿಲ್ಲ. ತಾಸೊಪ್ಪತ್ತು ಬಿಟ್ಟರೆ ಏನೂ ಆಗದವರ ಹಾಗೆ ತಾನೇ ಚಾಲೂ ಆಗುತ್ತದೆ.

ಅದಕ್ಕೆ ನಾನು ರೂಢಿ ಮಾಡಿಕೊಂಡಿದ್ದೆ. ಬಿಸಿ ಇದ್ದಾಗ ಬಂದ್ ಮಾಡುತ್ತಿರಲಿಲ್ಲ. ಮಂದಿ ಇಳಿಯುವಾಗ, ಹತ್ತುವಾಗ, ಅವರ ಚೌಕಾಸಿ ನಡೆದಾಗ, ಎಂಜಿನ್ನು ಓಡುತ್ತಲೇ ಇರುತ್ತಿತ್ತು. ನಿಲ್ಲಿಸಲೇಬೇಕಾದರೆ ಇಳಿಜಾರು ಹುಡುಕುತ್ತಿದ್ದೆ. "ಇವನ ಗಾಡಿ ಉಸಿರು ಬಿಡಂಗಿಲ್ಲ ನೋಡಲೇ" ಎಂದು ಸ್ಟ್ಯಾಂಡಿನವರು ನಗುತ್ತಿದ್ದರು. ಗ್ಯಾರೇಜಿಗೂ ಒಯ್ದಿದ್ದೆ. ಒಬ್ಬ ಕಿಡಿ ಕೊಡುವ ಕಾಯಿಲ್ ಅಂದ, ಬದಲಿಸಿದೆ. ಒಬ್ಬ ಪ್ಲಗ್ ಅಂದ, ಅದನ್ನೂ ಬದಲಿಸಿದೆ. ಮತ್ತೊಬ್ಬ ಪೆಟ್ರೋಲ್ ಮೇಲೆ ಬರುವುದಿಲ್ಲ, ಪಂಪು ಸತ್ತಿದೆ ಅಂದ. ಹೊಸ ಪಂಪು ಹಾಕಿಸಿದೆ. ಅವರು ಕೈಹಚ್ಚುವ ಹೊತ್ತಿಗೆ ಗಾಡಿ ತಣ್ಣಗಾಗಿರುತ್ತಿತ್ತು. ಜ್ವರ ಇಳಿದ ಮೇಲೆ ಡಾಕ್ಟರ ಮುಂದೆ ಕೂತ ಹಾಗೆ. ಕೀಲಿ ತಿರುವಿದರೆ ಚಾಲೂ. "ನೋಡ್ರಿ, ಆತಲ್ಲ" ಅನ್ನುತ್ತಿದ್ದರು.

ಮಗಳ ಲಗ್ನ ಆಯಿತು. ರೋಣದಲ್ಲಿ ಅಕ್ಕಿಕಾಳು ಬಿತ್ತು, ಗಂಡಿನ ಮನೆ ಗಜೇಂದ್ರಗಡ. ಬೀಗರಿಗೆ ಅಲ್ಲಿ ಸೀರೆ ಅಂಗಡಿ ಇದೆ. ಮಗಳನ್ನು ನನ್ನ ಗಾಡಿಯಲ್ಲಿ ನಾನೇ ಗಂಡನ ಮನೆಗೆ ಒಯ್ದು ಮುಟ್ಟಿಸುತ್ತೇನೆ ಎಂದು ಹಟ ಹಿಡಿದೆ. ಯಾವ ಅಪ್ಪನಿಗೆ ಆ ಆಸೆ ಇರುವುದಿಲ್ಲ?

ನಮ್ಮ ಬೀಗರ ಮನೆಯಲ್ಲಿ ಒಂದು ಪದ್ಧತಿ. ಮದುಮಗಳಾಗಲಿ, ಹುಟ್ಟಿದ ಕೂಸಾಗಲಿ, ಮೊದಲ ಸಲ ಬರುವಾಗ ಊರ ಸೀಮೆಯಲ್ಲಿ ಗಾಡಿ ನಿಲ್ಲಬೇಕು. ಎಂಜಿನ್ನು ಪೂರ್ತಿ ಬಂದ್ ಆಗಬೇಕು. ಗಡಗಡ ಅನ್ನುವ ಗಾಡಿಯ ಮುಂದೆ ಕಾಯಿ ಒಡೆದರೆ ಸೀಮೆಯ ದೇವರಿಗೆ ಕೇಳಿಸುವುದಿಲ್ಲವಂತೆ. ಹಿರಿಯರು ಇಳಿದು ಕಾಯಿ ನಿವಾಳಿಸಿ ಒಡೆದು, ಮುಂದಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಬಂದವರು ಒಳಗೇ ಕೂತಿರಬೇಕು. ಆಮೇಲೆ ಗಾಡಿ ತನ್ನ ಜೀವದಿಂದಲೇ ಆ ನಿಂಬೆಹಣ್ಣು ತುಳಿದು ಊರೊಳಗೆ ಹೋಗಬೇಕು. ಕೈಹಚ್ಚಿ ನೂಕಬಾರದು.

ಇದು ನನಗೆ ಅಲ್ಲಿಗೆ ಹೋಗಿ ನಿಂತ ಮೇಲೆ ತಿಳಿಯಿತು. ಬ್ಯಾಸಿಗೆ. ರಾಜೂರ ದಾಟಿ ಬರುವಾಗಲೇ ಬಾನೆಟ್ಟಿನ ಮೇಲೆ ರೊಟ್ಟಿ ಬೇಯುವಷ್ಟು ಕಾವು.

"ಬಂದ್ ಮಾಡ್ರಿ ಬೀಗರ" ಅಂದರು ಕಾಯಿ ಹಿಡಿದು ನಿಂತಿದ್ದ ಹಿರಿಯರೊಬ್ಬರು.

"ಓಡ್ತಾ ಇರ್ಲಿ ಬಿಡ್ರಿ, ಏನಾಕ್ಕೈತಿ?"

"ಛೇ ಛೇ, ಪದ್ಧತಿ ಐತ್ರಿ."

ಬಂದ್ ಮಾಡಿದೆ. ಕಾಯಿ, ಕರ್ಪೂರ, ಯಾರೋ ಎಲೆಅಡಿಕೆ ಮರೆತು ತರಲು ಹೋದದ್ದು. ಒಂದು ಚಹಾ ಕುಡಿಯುವಷ್ಟು ಹೊತ್ತು ಸರಿಯಾಗಿ. ಕೀಲಿ ತಿರುವಿದೆ. ಗರ್ ಗರ್.

ಅಳಿಯನ ಕಾಕಾ ಕಿಟಕಿಯಲ್ಲಿ ತಲೆ ಹಾಕಿ, "ಎಕ್ಸಲೇಟರ್ ತುಳೀರಿ! ಇನ್ನೂ ತುಳೀರಿ! ಇವರಿಗೆ ತುಳ್ಯಾಕೂ ಬರಂಗಿಲ್ಲ" ಎಂದು ಒದರಿದ. ತುಳಿದೆ. ತುಳಿದಷ್ಟೂ ಪೆಟ್ರೋಲ್ ವಾಸನೆ ಹೆಚ್ಚಿತು, ಬ್ಯಾಟರಿ ಸೋತಿತು. ಕಡೆಗೆ ಬೀಗರ ಮನೆಯ ಗಂಡಸರು ಹಿಂದಿನಿಂದ ನೂಕಿದರು. ನಿಂಬೆಹಣ್ಣು ಒಡೆದದ್ದು ನೂಕಿದ ಗಾಲಿಗೆ.

ಅಳಿಯನ ತಾಯಿ, ನಮ್ಮ ಬೀಗತಿ, ಎಲ್ಲರಿಗೂ ಕೇಳಿಸುವ ಹಾಗೆ ಅಂದರು: "ಕಾಲ್ಗುಣ ನೋಡ್ರೆವಾ. ಊರ ಸೀಮ್ಯಾಗ ಗಾಡಿ ನಿಲ್ಲಿಸಿದಳು."

ನನ್ನ ಮಗಳು ಹಿಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿಕೊಂಡು ಕೂತಿದ್ದಳು. ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಬೆವರಿನಲ್ಲಿ ಅರಿಶಿಣ ಇಳಿಯುತ್ತಿತ್ತು. ಅವಳು ಆ ಮಾತು ಕೇಳಿಸಿಕೊಂಡಳು. ನಾನೂ ಕೇಳಿಸಿಕೊಂಡೆ.

ಒಂದು ಮಾತು, ಆಡಿದವರಿಗೆ ಅಷ್ಟೇ. ಆದರೆ ಆ ಮನೆಯಲ್ಲಿ ಅದು ಬೇರು ಬಿಟ್ಟಿತು. ಹಾಲು ಒಡೆದರೆ ಅವಳು ಅಡಿಗಿಮನೆಗೆ ಬಂದದ್ದಕ್ಕೆ. ಅಂಗಡಿಯ ಷಟರ್ ಸಿಕ್ಕಿಕೊಂಡರೆ, ಮುಂಜಾನೆ ಯಾರ ಮಾರಿ ನೋಡಿ ಹೋಗಿದ್ದಿ ಎಂದು ಮಗನಿಗೆ ಕೇಳುವುದು. ಪಕ್ಕದ ಮಳಿಗೆ ಸೇರಿಸಿ ಅಂಗಡಿ ದೊಡ್ಡದು ಮಾಡಿದ ದಿನ ಎಲ್ಲರೂ ಪೂಜೆಗೆ ಹೋದರು, ಇವಳಿಗೆ ಮನೆಯಲ್ಲಿರು ಅಂದರು. ಈ ಹೊತ್ತಿಗೂ ಅವಳು ಆ ಅಂಗಡಿಯ ಹೊಸ್ತಿಲು ದಾಟಿಲ್ಲ. ಅಳಿಯ ಕೆಟ್ಟವನಲ್ಲ. ತಾಯಿ ಮಾತಾಡುವಾಗ ನೆಲ ನೋಡುತ್ತಾನೆ ಅಷ್ಟೇ. ನೆಲ ನೋಡುವವರ ಮೇಲೆ ನನಗೆ ಇರುವ ಸಿಟ್ಟು ಬಾಯಿ ಮಾಡುವವರ ಮೇಲೂ ಇಲ್ಲ.

ಇಂಥಾದ್ದರಲ್ಲಿ ಕೂಸು ಹುಟ್ಟಿತು. ತವರಿನಲ್ಲಿ ಬಾಣಂತನ ನಡೆಯಿತು. ಕೂಸನ್ನು ಕಳಿಸುವ ದಿನ ಗೊತ್ತು ಮಾಡಲು ಬೀಗತಿ ಫೋನ್ ಮಾಡಿದರು. ಅವರಿಗೂ ಖುಷಿ, ಇಲ್ಲ ಅನ್ನುವುದಿಲ್ಲ.

"ಕೂಸು ಹ್ಯಾಂಗೈತ್ರಿ ಬೀಗರ? ಕಣ್ಣು ನಮ್ಮ ಮಂದಿಹಂಗ ಅದಾವಂತಲ್ಲ?"

"ಮೂಗು ನಮ್ಮವ್ವಂದು."

"ಹಾಂ ಹಾಂ, ಇರ್ಲಿ. ಕರಕೊಂಡ ಬರೂಮುಂದ ಬ್ಯಾರೆ ಗಾಡಿ ಮಾಡ್ರಿ ಮತ್ತ. ತಾಯಿ ಬಂದಂಗ ಮಗಳು ಬರೂದು ಬ್ಯಾಡ."

ಸ್ಪೀಕರ್ ಹಚ್ಚಿದ್ದೆ, ನನಗೆ ಕಿವಿ ಮಂದ. ಒಳಗಿನ ಕೋಣೆಯಲ್ಲಿ ಮಗಳು ಕೂಸಿಗೆ ಹಾಲೂಡಿಸುತ್ತಿದ್ದಳು. ಅಲ್ಲಿಂದಲೇ ಕರೆದಳು.

"ಅಪ್ಪಾ. ನಾ ಅದ ಗಾಡ್ಯಾಗ ಹೋಗಾಕಿ."

"ಬ್ಯಾಡವಾ ತಂಗಿ, ಅವರ—"

"ಅದ ಗಾಡಿ, ಅದ ಸೀಮಿ. ಬಂದ್ ಮಾಡಬೇಕು, ಕಾಯಿ ಒಡದ ಮ್ಯಾಲ ಚಾಲೂ ಆಗಬೇಕು. ಬ್ಯಾರೆ ಗಾಡ್ಯಾಗ ಹೋದ್ರ ನನ್ನ ಕಾಲಿಗೆ ನಾನ ಅಂಜಿದಂಗ ಆತು."

"ಮತ್ತ ನಿಂತ್ರ?"

"ನಿಂತ್ರ ಈಕಿಗೂ ಅದ ಹೆಸರು. ಅದಕ್ಕ ನಿಲ್ಲಬಾರದು. ನೀ ಏನರ ಮಾಡು."

ನನ್ನ ಮನೆಯಾಕೆ ಅಜಿವಾನದ ಹೊಗೆ ಹಾಕುತ್ತಿದ್ದವಳು, "ಅಪ್ಪಗೂ ಮಗಳಿಗೂ ಕೂಡೇ ಹುಚ್ಚ ಹಿಡದೈತಿ. ಕೂಸರ ಶಾಣೇದು ಆಗಲಿ" ಅಂದಳು.

ಮರುದಿನ ಹೊತ್ತು ನೆತ್ತಿಗೆ ಬಂದಾಗ ಗಾಡಿ ತೆಗೆದೆ. ಪಕ್ಕದ ಊರು ಜಕ್ಕಲಿಗೆ ಹೋಗಿ ತಿರುಗಿ ಬಂದೆ, ಜೋರಾಗಿ. ಕೂಸಿಗೆ ಪೆಟ್ರೋಲ್ ವಾಸನೆ ಹತ್ತಬಾರದೆಂದು ಮನೆ ಮುಂದೆ ನಿಲ್ಲಿಸದೆ ಓಣಿಯ ತುದಿಯಲ್ಲಿ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಬಂದ್ ಮಾಡಿದೆ. ಮನೆಗೆ ಹೋಗಿ ಚಹಾ ಕುಡಿದು ಮನೆಯಾಕೆಯನ್ನು ಕರೆತಂದು ಸ್ಟೇರಿಂಗಿನ ಮುಂದೆ ಕೂರಿಸಿದೆ. ಇಷ್ಟು ಕಾಲದ ಸಂಸಾರದಲ್ಲಿ ಆ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲು. ಸೆರಗು ಸರಿಮಾಡಿಕೊಂಡು ಮದುಮಗಳ ಹಾಗೆ ಕೂತಳು.

ಹಿಂದೆ ಎಲ್ಲರೂ ಅದು, ಇದು ಎಂದು ಹೇಳಿದ್ದರು. ನಾನು ಯಾರ ಮಾತೂ ಬೇಡ, ಗಾಡಿ ಬಿಸಿ ಇರುವಾಗಲೇ ಅದನ್ನೇ ಕೇಳುತ್ತೇನೆ ಅಂದುಕೊಂಡೆ. ಒಂದು ಪ್ಲಗ್ ಬಿಚ್ಚಿದೆ. ಹಸಿಯಾಗಿತ್ತು, ಕರಿ ಹಿಡಿದಿತ್ತು, ಮೂಗಿಗೆ ಹಿಡಿದರೆ ಬರೀ ಪೆಟ್ರೋಲು. ಒರೆಸಿ, ಕಾರ್ಬೋರೇಟರಿನಿಂದ ದೂರಕ್ಕೆ ವೈರು ಎಳೆದು, ಪ್ಲಗ್ಗನ್ನು ಎಂಜಿನ್ನಿನ ಮೈಗೆ ಆನಿಸಿದೆ.

"ಕೀಲಿ ಹೊಡೀಲೇನ್ರಿ?"

"ಹೊಡಿ."

ಚಟ್ ಚಟ್ ಎಂದು ನೀಲಿ ಕಿಡಿ ಹಾರಿತು. ಕಿಡಿ ಚಲೋ ಇದೆ ಅಂದ ಮೇಲೆ ಕಾಯಿಲಿನ ತಪ್ಪಿಲ್ಲ. ಪ್ಲಗ್ ಹಸಿ ಇದೆ ಅಂದ ಮೇಲೆ ಪಂಪಿನ ತಪ್ಪೂ ಇಲ್ಲ. ಪೆಟ್ರೋಲ್ ಬರುತ್ತಿಲ್ಲ, ಬರುತ್ತಿಲ್ಲ ಎಂದು ಆ ಪಂಪು ಹಾಕಿದವನು ಬಡಕೊಂಡಿದ್ದ. ಬರುತ್ತಿಲ್ಲ ಅಲ್ಲ, ಹೆಚ್ಚಾಗಿ ಬರುತ್ತಿತ್ತು. ಆ ಸೀಮೆಯಲ್ಲಿ ಅಳಿಯನ ಕಾಕಾ ತುಳಿ ತುಳಿ ಅಂದದ್ದು ಮುಳುಗುವವನ ತಲೆಯ ಮೇಲೆ ನೀರು ಸುರಿದ ಹಾಗೆ.

ಮತ್ತೊಂದು ದಿನ ಹಾಗೇ ಬಿಸಿ ಮಾಡಿ ತಂದು, ಬಂದ್ ಮಾಡಿದ ಕೂಡಲೇ ಗಾಳಿ ಫಿಲ್ಟರಿನ ಮುಚ್ಚಳ ತೆಗೆದು ಕಾರ್ಬೋರೇಟರಿನ ಬಾಯಿಗೆ ಕಿವಿ ಕೊಟ್ಟೆ. ನನ್ನ ಮಂದ ಕಿವಿಗೂ ಒಲೆಯ ಮೇಲೆ ಇಟ್ಟ ಬೋಗುಣಿಯ ಹಾಗೆ ಗುಳುಗುಳು ಸಪ್ಪಳ ಕೇಳಿಸಿತು. ಎಂಜಿನ್ನು ಸತ್ತಿದೆ, ಒಳಗೆ ಪೆಟ್ರೋಲ್ ಕುದಿಯುತ್ತಿದೆ! ಕುದ್ದು ಉಕ್ಕಿ ತೊಟ್ಟು ತೊಟ್ಟಾಗಿ ಕೆಳಗೆ ಎಂಜಿನ್ನಿಗೆ ಇಳಿಯುತ್ತಿತ್ತು. ಓಡುವಾಗ ಫ್ಯಾನಿನ ಗಾಳಿ, ಹರಿಯುವ ತಣ್ಣನೆ ಪೆಟ್ರೋಲು. ನಿಲ್ಲಿಸಿದಾಗ ಕೆಳಗಿನ ಕಬ್ಬಿಣದ ಕಾವೆಲ್ಲ ಮೇಲಕ್ಕೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಅಂದರೆ ಅದು ಅತೀ ಕೆಟ್ಟ ಹೊತ್ತು. ಕಾಯಿ ಒಡೆಯುವುದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ.

ಗಿಡದ ಕೆಳಗೆ ಒಬ್ಬನೇ ಕೂತು ಅತ್ತೆ ನಾನು. ನನ್ನ ಮಗಳ ಕಾಲಿಗೆ ಹೆಸರಿಟ್ಟದ್ದು ಇಷ್ಟಕ್ಕೆ!

ಖಾತ್ರಿಗೆ, ಬಂದ್ ಮಾಡಿದ ಕೂಡಲೇ ಕಾರ್ಬೋರೇಟರಿಗೆ ಹಸಿ ಬಟ್ಟೆ ಸುತ್ತಿ ನೋಡಿದೆ. ಚಾಲೂ ಆಯಿತು. ಆದರೆ ಸೀಮೆಯಲ್ಲಿ ಬಾನೆಟ್ ಎತ್ತಿ ಹಸಿ ಬಟ್ಟೆ ಸುತ್ತಿದರೆ ಬೀಗತಿ ಅದಕ್ಕೂ ಒಂದು ಹೆಸರು ಇಡುತ್ತಿದ್ದರು. ಕಾವು ಮೇಲೆ ಏರದ ಹಾಗೆ ಮಾಡಬೇಕಿತ್ತು. ಯಾಕೆ ಏರುತ್ತದೆ? ಬೇರೆ ಗಾಡಿಗಳಲ್ಲಿ ಯಾಕಿಲ್ಲ?

ನರಗುಂದದಲ್ಲಿ ಒಬ್ಬ ಹಳೇ ಗೆಳೆಯನಿದ್ದಾನೆ, ಮುಸಲ್ಮಾನ, ಗುಜರಿ ಅಂಗಡಿಯವ. ಅವನ ಹಿತ್ತಲಲ್ಲಿ ನನ್ನದೇ ಜಾತಿಯ ಗಾಡಿ ಬಾಗಿಲಿಲ್ಲದೆ ಬಿದ್ದಿದೆ ಎಂದು ಗೊತ್ತಿತ್ತು. ಹೋದೆ.

"ಬಾ ದೋಸ್ತ! ಅಜ್ಜ ಆದಿ ಅಂತ, ಪೇಢೆ ಎಲ್ಲಿ?"

"ಪೇಢೆ ಆಮ್ಯಾಲ. ಮೊದಲ ನಿನ್ನ ಹಾಳ ಗಾಡಿ ಬಾನೆಟ್ ತಗಿ."

"ಮೊಮ್ಮಗಳು ಹುಟ್ಟಿದ್ರ ಮಂದಿ ಬಂಗಾರದ ಅಂಗಡಿಗೆ ಹೋಗ್ತಾರ. ಈತ ಗುಜರಿಗೆ ಬಂದಾನ."

ಬಾನೆಟ್ ಎತ್ತಿದ. ಆ ಗಾಡಿಯಲ್ಲಿ ಕಾರ್ಬೋರೇಟರಿಗೂ ಅದರ ಕೆಳಗಿನ ಕಬ್ಬಿಣಕ್ಕೂ ನಡುವೆ ಹೆಬ್ಬೆರಳು ದಪ್ಪದ ಕರಿ ತುಂಡು ಒಂದಿತ್ತು. ಕಾವು ತಡೆಯುವ ಗಟ್ಟಿ ಹಲಗೆ. ನನ್ನ ಗಾಡಿಯಲ್ಲಿ ಆ ಜಾಗದಲ್ಲಿ ಸಂದು ಮುಚ್ಚುವ ತೆಳ್ಳನೆ ಪ್ಯಾಕಿಂಗ್ ಕಾಗದ ಅಷ್ಟೇ. ನನ್ನ ಕೈಗೆ ಬರುವ ಮೊದಲು ಯಾರೋ ಬಿಚ್ಚಿದವರು ಆ ತುಂಡನ್ನು ತಿರುಗಿ ಹಾಕಿರಲಿಲ್ಲ.

ಗೆಳೆಯ ನಕ್ಕ. "ಸಿಂಬಿ ಇಲ್ಲದ ಸುಡೂ ಗಡಿಗಿ ತಲಿಮ್ಯಾಲ ಹೊರ್ಸಿ, ಯಾಕ ಕುಣೀತಿ ಅಂತ ಗಾಡಿಗೆ ಬೈದಿ ನೋಡು."

ಮಗಳಿಗೆ ಅಂದ ಕಾಲ್ಗುಣದ ಮಾತು ಹೇಳಿದೆ. ನಗು ನಿಲ್ಲಿಸಿದ. "ನಿಮ್ಮೊಳಗ ಕಾಲ್ಗುಣ, ನಮ್ಮೊಳಗ ನಜರ್, ಕೆಟ್ಟ ಕಣ್ಣು. ಹೆಣ್ಣಮಕ್ಕಳಿಗೆ ಅನ್ನಾಕ ಎಲ್ಲಾರ ಕಡೆನೂ ಒಂದ ಮಾತ ಇರ್ತೈತಿ" ಅಂದ. ತಾನೇ ಪಾನಾ ಹಿಡಿದು ಆ ತುಂಡು ಬಿಚ್ಚಿಕೊಟ್ಟ. ಅದರ ಉದ್ದನೆ ಬೋಲ್ಟುಗಳನ್ನೂ ಕೊಟ್ಟ, ನನ್ನವು ಗಿಡ್ಡ ಆಗುತ್ತಿದ್ದವು.

ಮನೆಗೆ ತಂದು ಕೂರಿಸಿದೆ. ಮೇಲೊಂದು ಕೆಳಗೊಂದು ಹೊಸ ಪ್ಯಾಕಿಂಗ್ ಕತ್ತರಿಸಿ ಹಾಕಿದೆ. ಪೆಟ್ರೋಲ್ ಪೈಪು ಸೈಲೆನ್ಸರಿನ ಸನಿಹ ಹಾಯ್ದಿತ್ತು, ಅದನ್ನು ದೂರ ಸರಿಸಿ ಕಟ್ಟಿದೆ. ಆಮೇಲೆ ಜಕ್ಕಲಿ. ಬಿಸಿಲು. ಬಂದ್. ಚಹಾ. ಕೀಲಿ. ಎಕ್ಸಲೇಟರ್ ಮುಟ್ಟಲಿಲ್ಲ. ಒಂದೇ ಸಲಕ್ಕೆ ಹಿಡಿಯಿತು! ಮತ್ತೆ ಹೋಗಿ ಬಂದೆ. ಮತ್ತೆ ಹಿಡಿಯಿತು. ದಿನಾ ಹೋದೆ. ಜಕ್ಕಲಿಯವರು ನಾನು ಅಲ್ಲಿ ಹೊಲ ನೋಡುತ್ತಿದ್ದೇನೆ ಅಂದುಕೊಂಡರು. ಕಡಲೆಹಿಟ್ಟು ಹಚ್ಚಿ ಕೈ ತೊಳೆದು, ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು, "ಅವ್ವಾ, ನಿನ್ನ ಗಾಡಿ ತಯಾರಾತು" ಅಂದೆ. ಕೂಸು ನನ್ನ ಅಂಗಿಯ ಮೇಲೆ ಉಚ್ಚಿ ಹೊಯ್ದಿತು. ಅದಕ್ಕಿಂತ ಸುಖ ನನಗೆ ಬೇರೆ ಯಾವುದೂ ಇಲ್ಲ.

ಕಳಿಸುವ ದಿನ ಬಂತು. ಮಗಳು, ಅವಳ ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ನನ್ನ ಮನೆಯಾಕೆ. ಕೂಸಿನ ಗಲ್ಲಕ್ಕೆ ಕಾಡಿಗೆ ಬೊಟ್ಟು. ನಾನು ಬೇಕೆಂದೇ ಸುಡುಬಿಸಿಲಲ್ಲಿ ಹೊರಟೆ. ಹಳೆಯ ಪ್ಯಾಕಿಂಗ್ ಕಾಗದವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೆ, ಸುಟ್ಟು ಕರಿಯಾದದ್ದು. ಸೀಮೆಯಲ್ಲಿ ಎಲ್ಲರ ಮುಂದೆ ಅದನ್ನು ಹಿಡಿದು ಹೇಳಬೇಕು: ನೋಡ್ರಿ, ನನ್ನ ಮಗಳ ಕಾಲು ಅಲ್ಲ, ಇದು. ದಾರಿಯುದ್ದಕ್ಕೂ ಆ ಮಾತನ್ನು ಬಾಯೊಳಗೆ ಹೊಂದಿಸಿಕೊಳ್ಳುತ್ತ ಹೋದೆ.

ರಾಜೂರ ದಾಟಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು, ಗಾಳಿ ಇರಲಿಲ್ಲ, ರೆಕ್ಕೆಗಳು ನಿಂತಿದ್ದವು. ಸೀಮೆಯಲ್ಲಿ ಬೀಗರ ಮನೆಯವರೆಲ್ಲ ಕಾಯಿ ಹಿಡಿದು ನಿಂತಿದ್ದರು. ನನ್ನ ಗಾಡಿ ಕಂಡು ಬೀಗತಿಯ ಮುಖ ಗಂಟಾಯಿತು. ಅಳಿಯ ನೆಲ ನೋಡಿದ. ಅವನ ಕಾಕಾ ಮಾತ್ರ ಇಬ್ಬರು ಗಂಡಸರನ್ನು ಕರೆದುಕೊಂಡು ಗಾಡಿಯ ಹಿಂದೆ ಹೋಗಿ ಅಂಗಿಯ ತೋಳು ಏರಿಸಿಕೊಂಡು ನಿಂತ, ನೂಕಲು.

"ಬಂದ್ ಮಾಡ್ರಿ ಬೀಗರ" ಅಂದರು ಬೀಗತಿ. "ನಾ ಮೊದಲ ಹೇಳಿದ್ನಿ."

ಬಂದ್ ಮಾಡಿದೆ. ಆ ದಿನ ಕಾಯಿ ಕೂಡ ಸಾವಕಾಶ. ಮೊದಲ ಏಟಿಗೆ ಒಡೆಯಲಿಲ್ಲ, ಎರಡನೆಯದಕ್ಕೂ ಒಡೆಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಮಗಳು ಕೂಸಿನ ಎರಡೂ ಪಾದಗಳನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದಿದ್ದಳು.

ಕಡೆಗೆ ಕಾಯಿ ಒಡೆಯಿತು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. "ಹೂಂ, ಹಚ್ರಿ ನೋಡೂಣು" ಅಂದರು ಬೀಗತಿ.

ಕೀಲಿ ತಿರುವಿದೆ. ಒಂದೇ ಸಲ. ಎಂಜಿನ್ನು ಹಿಡಿಯಿತು, ನಿಂಬೆಹಣ್ಣು ಎರಡೂ ಪಚ್ ಅಂದವು, ಗಾಡಿ ತನ್ನ ಜೀವದಿಂದ ಮುಂದೆ ಹೋಯಿತು. ಹಿಂದೆ ನಿಂತವರ ಕೈ ಗಾಳಿಯಲ್ಲೇ ಉಳಿದವು. ನಾನು ಸ್ವಲ್ಪ ಮುಂದೆ ನಿಲ್ಲಿಸಿ, ಕಿಸೆಗೆ ಕೈ ಹಾಕಿ, ಬಾಗಿಲು ತೆಗೆದೆ.

ಅಷ್ಟರಲ್ಲಿ ಬೀಗತಿ ಎರಡೂ ಕೈ ಎತ್ತಿ ಕೂಗಿದರು: "ನೋಡ್ರೆವಾ ನನ್ನ ಮೊಮ್ಮಗಳ ಕಾಲ್ಗುಣ! ತಾಯಿ ನಿಲ್ಲಿಸಿದ ಗಾಡೀನ್ನ ಮಗಳು ನಡಿಸಿದಳು!"

ಹೌದು ಹೌದು ಅಂದರು ಎಲ್ಲ. ಕಾಕಾನೂ ಹೌದು ಅಂದ. ಒಬ್ಬಾಕೆ ಕಿಟಕಿಯಲ್ಲಿ ಕೈಹಾಕಿ ಕೂಸಿನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ನಾನು ಬಾಯಿ ತೆಗೆದೆ. ಹಿಂದಿನಿಂದ ಮಗಳು ನನ್ನ ಹೆಗಲು ಹಿಡಿದಳು.

"ಅಪ್ಪಾ, ನಡಿ."

ಮನೆಯಲ್ಲಿ ಆರತಿ, ಹೋಳಿಗೆ, ಗದ್ದಲ. ಸಂಜಿಗೆ ಬೀಗತಿ ಕೂಸನ್ನು ಎತ್ತಿಕೊಂಡು ಅಂಗಡಿಗೆ ಹೊರಟರು. ಎಲ್ಲರೂ ಹಿಂದೆ ಹೋದೆವು. ಹೊಸ ಸೀರೆಗಳ ಗಂಟು ಬಂದಿತ್ತು, ಅದರ ಮೇಲೆ ಕೂಸಿನ ಪಾದ ಮುಟ್ಟಿಸಿದರು, ಗಾದಿಗೆ ಮುಟ್ಟಿಸಿದರು, ಗಜದ ಕೋಲಿಗೂ ಮುಟ್ಟಿಸಿದರು. ಆ ಮೊಮ್ಮಗಳು ನನ್ನವಳೂ ಹೌದು. ನೋಡುತ್ತ ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ತಿರುಗಿ ನೋಡಿದರೆ ಮಗಳು ಹೊಸ್ತಿಲ ಹೊರಗೆ, ಚಪ್ಪಲಿಗಳ ಹತ್ತಿರ ನಿಂತಿದ್ದಳು. ಅವಳನ್ನು ಯಾರೂ ಬಾ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ.

ಹೊರಗೆ ಹೋಗಿ ಅವಳ ಪಕ್ಕ ನಿಂತೆ. ಕಾಗದ ಕಿಸೆಯಿಂದ ತೆಗೆದು ತೋರಿಸಿದೆ.

"ಹೇಳಿ ಬಿಡ್ತೀನವಾ. ಈಗ ಎಲ್ಲಾರೂ ಅದಾರ."

"ಏನ ಹೇಳ್ತಿ? ಗಾಡಿ ನಿಂತಿದ್ದು ಈ ಕಾಗದಕ್ಕ ಅಂದ್ರ, ಇವತ್ತ ನಡದದ್ದು ಕೂಸಿಂದ ಅಲ್ಲ ಅಂದಂಗ ಆತು."

"ಅಲ್ಲ ಮತ್ತ. ಅಲ್ಲೇ ಅಲ್ಲ!"

"ಗೊತ್ತೈತಿ. ನೋಡಲ್ಲೆ, ಹ್ಯಾಂಗ ಎತ್ತಿ ಆಡ್ಸಾಕತ್ತಾರ. ನನ್ನನ್ನ ಒಂದಿನಾ ಹಂಗ ನೋಡಿಲ್ಲ. ಆಕೀನರ ನೋಡ್ಲಿ."

"ಮತ್ತ ನಿಂದು?"

"ನಂದು ರೂಢಿ ಆಗೈತಿ ಬಿಡಪ್ಪಾ."

ಗಾಡಿಯ ಕಾವು ತಡೆಯಲು ತುಂಡು ಹುಡುಕಿ ತಂದೆ. ಆ ಮಾತಿಗೆ ಯಾವ ತುಂಡು ತರಲಿ? ಕಾಗದ ಮಡಚಿ ತಿರುಗಿ ಕಿಸೆಯಲ್ಲಿ ಇಟ್ಟೆ. ಬೀಗತಿ ಹೊರಗೆ ಬಂದು, "ಏನ್ ಬೀಗರ, ಮೊಮ್ಮಗಳ ಗುಣ ನೋಡಿದ್ರಿಲ್ಲೋ?" ಅಂದರು. "ನೋಡಿದೆ ಬೀಗ್ತಾರ" ಅಂದೆ. ಆ ಎರಡು ಮಾತು ಆಡುವಾಗ ಬಾಯಿ ಸುಟ್ಟಿತು.

ಮನೆಯಾಕೆ ಕೂಸಿಗೆ ನೀರು ಎರೆಯುವುದಕ್ಕೆ ಅಲ್ಲೇ ಉಳಿದಳು. ಮರುದಿನ ಊಟ ಮುಗಿಸಿ ನಾನೊಬ್ಬನೇ ಹೊರಟೆ. ಹೊರಡುವ ಮುಂದೆ ಕೂಸು ನನ್ನ ಬೆರಳು ಹಿಡಿಯಿತು, ಆ ದವಾಖಾನೆಯಲ್ಲಿ ಹಿಡಿದ ಹಾಗೆಯೇ, ಬಿಡಿಸಿಕೊಳ್ಳಲು ನನಗೇ ಮನಸ್ಸಾಗಲಿಲ್ಲ. ಮಗಳು ಬಾಗಿಲಲ್ಲಿ ನಿಂತು ಕೂಸಿನ ಕೈ ಆಡಿಸಿ ಟಾಟಾ ಮಾಡಿಸಿದಳು.

ಊರ ಸೀಮೆಗೆ ಬಂದಾಗ ಗಾಡಿ ನಿಲ್ಲಿಸಿ ಬಂದ್ ಮಾಡಿದೆ. ಹಿಂದಿನ ದಿನದ ನಿಂಬೆಹಣ್ಣು ರಸ್ತೆಗೆ ಅಂಟಿ ಒಣಗಿದ್ದವು. ಕಾಯಿಯ ಚೂರನ್ನು ಇರುವೆ ಮುತ್ತಿದ್ದವು. ಗಾಡಿಯಲ್ಲಿ ಮಗಳಿಲ್ಲ, ಮೊಮ್ಮಗಳಿಲ್ಲ, ಯಾರ ಕಾಲೂ ಇಲ್ಲ. ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಸಿಲಲ್ಲಿ ಸುಮ್ಮನೆ ಕೂತೆ. ಆಮೇಲೆ ಕೀಲಿ ತಿರುವಿದೆ.

ಒಂದೇ ಸಲಕ್ಕೆ ಹಿಡಿಯಿತು. ರಸ್ತೆಯ ಎರಡೂ ಕಡೆ ನೋಡಿದೆ. ಯಾರೂ ಇರಲಿಲ್ಲ.